ಮಿಲಿಮೀಟರ್ ಕಟ್ಟಿದ ತೂಬು

ನನ್ನ ತಮ್ಮನಿಗೆ ಇಡೀ ಪೇಟೆ ಇಟ್ಟಿರುವ ಹೆಸರು ಮಿಲಿಮೀಟರ್. ಚಪ್ಪಲಿಯನ್ನು ಹೊಸ್ತಿಲಿಗೆ ನೇರ ಗೆರೆಯಲ್ಲಿ ಬಿಡುವವನು, ಬ್ರೆಡ್ಡಿನ ಒಂದು ಚೂರು ದಪ್ಪ ಇನ್ನೊಂದು ತೆಳ್ಳಗಾದರೆ ತಿಂಡಿಯೇ ಕೆಟ್ಟಿತೆನ್ನುವವನು. ಪುರಸಭೆಯಲ್ಲಿ ಎಂಜಿನಿಯರ್. ಒಂದು ಕೆಲಸ ಹಿಡಿದನೆಂದರೆ ಅಳೆದೂ ಸುರಿದೂ, ಸುರಿದೂ ಅಳೆದೂ, ಮುಗಿಸುವ ಹೊತ್ತಿಗೆ ಕೆಲಸ ಹೇಳಿದವರಿಗೇ ಅದು ಮರೆತುಹೋಗಿರುತ್ತದೆ. ನಾನು ಅವನಿಗಿಂತ ಎಂಟು ವರ್ಷ ದೊಡ್ಡವಳು, ಸ್ವಭಾವದಲ್ಲಿ ಪೂರ್ತಿ ತದ್ವಿರುದ್ಧ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅದು ನನಗೂ ಗೊತ್ತು, ನನ್ನ ಎದುರು ಸಿಕ್ಕವರಿಗೂ ಗೊತ್ತು.

ನನ್ನ ಕಸುಬು ಮೀನು ಸಾಕುವುದು. ಮೈತುಂಬ ಚುಕ್ಕೆಯಿರುವ ತಣ್ಣೀರಿನ ಮೀನು. ಊರಂಚಿನ ತೊರೆಯಿಂದ ಸಣ್ಣ ಕಾಲುವೆ ತೆಗೆದು, ಆರು ಸಿಮೆಂಟ್ ತೊಟ್ಟಿಗಳ ಮೂಲಕ ನೀರು ಹಾಯಿಸಿ, ಮತ್ತೆ ತೊರೆಗೇ ಬಿಡುತ್ತೇನೆ. ಮೊದಲನೆಯ ತೊಟ್ಟಿಯಲ್ಲಿ ತಾಯಿ ಮೀನುಗಳಿವೆ, ಆಗ ನಲವತ್ತೆರಡಿದ್ದವು. ಹನ್ನೊಂದು ವರ್ಷ ಪ್ರತಿ ಸಲದ ಮರಿಗಳಲ್ಲಿ ಗಟ್ಟಿಯಾದವನ್ನೇ ಆರಿಸಿ ಆರಿಸಿ ನಾನು ಬೆಳೆಸಿದ ಸಂತತಿ ಅದು. ಹೋದರೆ ಬೇರೆ ಎಲ್ಲಿಂದಲೂ ತರುವ ಹಾಗಿಲ್ಲ. ನೀರು ಹದಿನೆಂಟು ಡಿಗ್ರಿ ಇದ್ದರೆ ಅವು ರಾಣಿಯರ ಹಾಗೆ ಓಡಾಡುತ್ತವೆ. ಇಪ್ಪತ್ತೆರಡು ದಾಟಿದರೆ ತಿನ್ನುವುದು ಬಿಡುತ್ತವೆ. ಇಪ್ಪತ್ತೈದರಲ್ಲಿ ಒಂದು ವಾರ ಬಿಟ್ಟರೆ ನಾನು ಬೇರೆ ಕಸುಬು ಹುಡುಕಿಕೊಳ್ಳಬೇಕು.

ಹತ್ತು ವರ್ಷ ಯಾವ ತೊಂದರೆಯೂ ಇರಲಿಲ್ಲ. ತೊರೆ ಬೆಟ್ಟದಿಂದ ತಣ್ಣಗೆ ಇಳಿದು ಬರುತ್ತಿತ್ತು. ಆಮೇಲೆ ಪುರಸಭೆಯವರು ಜೋರು ಮಳೆಯ ನೀರು ಬೀದಿಗಳಿಗೆ ನುಗ್ಗಬಾರದೆಂದು ಅದಕ್ಕೆ ಅಡ್ಡಲಾಗಿ ಕಟ್ಟೆ ಹಾಕಿ ಕೊಳ ಮಾಡಿದರು. ಒಳ್ಳೆಯ ಕೆಲಸವೇ. ಸುತ್ತ ಕಾಲುದಾರಿ, ಬೆಂಚು, ಬಾತುಕೋಳಿ ಎಲ್ಲ ಬಂದವು. ನಕ್ಷೆ ಬರೆದವನು ಮಿಲಿಮೀಟರ್. ಕಟ್ಟೆಯ ಪಕ್ಕ ನೀರಿನೊಳಗೆ ಬಾಯಿ ತೆರೆದ ಒಂದು ಕಾಂಕ್ರೀಟ್ ಪೆಟ್ಟಿಗೆ. ಕೊಳ ತುಂಬಿದಾಗ ನೀರು ಪೆಟ್ಟಿಗೆಯ ಅಂಚು ದಾಟಿ ಒಳಗೆ ಬಿದ್ದು, ಕಟ್ಟೆಯ ಅಡಿಯ ಕೊಳವೆಯಿಂದ ಆಚೆಯ ತೊರೆಗೆ ಸೇರುತ್ತದೆ. ಅದೇ ತೂಬು. ಕೆಲಸವೇನೋ ಅಚ್ಚುಕಟ್ಟು. ಆದರೆ ಅಂಚು ದಾಟುವುದು ಯಾವ ನೀರು? ಇಡೀ ದಿನ ಬಿಸಿಲಿಗೆ ಬೆನ್ನು ಕಾಯಿಸಿಕೊಂಡು ಮಲಗಿದ್ದ ಮೇಲಿನ ನೀರು. ಆ ಕೊಳವೆಯ ಬಾಯಿಂದ ನನ್ನ ಮೊದಲ ತೊಟ್ಟಿಗೆ ಕೂಗಳತೆಯ ದೂರ.

ಕಳೆದ ಬೇಸಿಗೆಯಲ್ಲಿ ನನ್ನ ತೊಟ್ಟಿಗಳಿಗೆ ಬಂದದ್ದು ಸ್ನಾನಕ್ಕೆ ಆಗುವಂಥ ನೀರು. ಒಂದೇ ವಾರದಲ್ಲಿ ಐದು ತೊಟ್ಟಿಗಳ ಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ತಾಯಿ ಮೀನುಗಳನ್ನು ಐಸ್ ಗಡ್ಡೆ ಹಾಕಿ ಹಾಕಿ ಹೇಗೋ ಉಳಿಸಿಕೊಂಡೆ. ಅವು ಇನ್ನೊಂದು ಅಂಥ ಬೇಸಿಗೆ ತಾಳುವುದಿಲ್ಲವೆಂದು ಅವುಗಳ ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಸುಮ್ಮನಿರುವ ಪೈಕಿಯಲ್ಲ. ಊರೆಲ್ಲ ಡಂಗುರ ಸಾರಿದೆ. ಬೀದಿಯ ಒಂದೊಂದು ಅಂಗಡಿಯ ಬಾಗಿಲಲ್ಲೂ ನಿಂತು, "ನನ್ನ ಮರಿಗಳನ್ನ ಕೊಂದಿದ್ದು ಬಿಸಿಲಲ್ಲ, ನನ್ನ ತಮ್ಮ" ಎಂದು ಹೇಳಿ ಬಂದೆ. ಅವನ ಜೊತೆ ಎರಡು ತಿಂಗಳು ಮಾತು ಬಿಟ್ಟೆ. ಅವನು ಕಚೇರಿಯಿಂದ ಥರ್ಮಾಮೀಟರ್ ತಂದು, ಬಿಡುವಾದಾಗಲೆಲ್ಲ ಕೊಳದ ಮೇಲೆ ದೋಣಿಯಲ್ಲಿ ಕೂತು ಏನೋ ಬರೆದುಕೊಳ್ಳುತ್ತಿದ್ದ.

ಮಾತು ಮತ್ತೆ ಶುರುವಾದದ್ದು ಅಮ್ಮನ ಮನೆಯ ಊಟದ ಮೇಜಿನಲ್ಲಿ. ನಮ್ಮೆಜಮಾನರೂ ಇದ್ದರು, ಅವರು ಬಸ್ ಡ್ರೈವರ್, ರಸ್ತೆಯಲ್ಲೂ ಮನೆಯಲ್ಲೂ ಹಾರ್ನ್ ಮಾಡುವವರಲ್ಲ.

"ತಳದಲ್ಲೂ ಇಪ್ಪತ್ತೈದು ಡಿಗ್ರಿ ಅಕ್ಕ," ಎಂದ ತಮ್ಮ. "ಮೇಲೆ ಇಪ್ಪತ್ತಾರು, ತಳದಲ್ಲಿ ಇಪ್ಪತ್ತೈದು. ಹದಿನಾರು ಸಲ ನೋಡಿದೀನಿ. ತಳದಲ್ಲಿ ತಣ್ಣೀರಿದ್ದಿದ್ರೆ ತೂಬು ಬದಲಾಯಿಸಿ ಅದನ್ನೇ ನಿನಗೆ ಬಿಡಬಹುದಿತ್ತು. ಇಲ್ವೇ ಇಲ್ಲ."

"ಬೆಟ್ಟದಿಂದ ಬರೋ ನೀರು ಹದಿನಾಲ್ಕು. ಅದು ಎಲ್ಲಿಗೆ ಹೋಯ್ತು ಹಾಗಾದ್ರೆ? ಬಾತುಕೋಳಿ ಕುಡೀತಾ?"

"ಬೆರೆತು ಹೋಗ್ತಿರಬೇಕು."

"ಇರಬೇಕಂತೆ. ಮಿಲಿಮೀಟರ್ ಬಾಯಲ್ಲಿ 'ಇರಬೇಕು'."

"ಜಗಳ ಆಮೇಲೆ," ಎಂದಳು ಅಮ್ಮ. "ಆ ಚಮಚ ಒರೆಸಿದ್ಯೇನೇ?"

ಒರೆಸಿದ್ದೆ. ನಮ್ಮ ಮನೆಯಲ್ಲಿ ಒರೆಸದೆ ಏನನ್ನೂ ಮುಟ್ಟುವ ಹಾಗಿಲ್ಲ. ತಟ್ಟೆ, ಲೋಟ, ಪುಸ್ತಕದ ರಟ್ಟು, ಬಾಗಿಲ ಚಿಲಕ, ಎಲ್ಲಕ್ಕೂ ಅಮ್ಮ ಒಂದೊಂದು ಬಟ್ಟೆ ನಿಗದಿ ಮಾಡಿದ್ದಾಳೆ. ಶಾಲೆಗೆ ಹೋಗುವಾಗ ನಮ್ಮಿಬ್ಬರ ಜೇಬಿನಲ್ಲೂ ಪೆನ್ಸಿಲ್ ಇರುತ್ತಿತ್ತೋ ಇಲ್ಲವೋ, ಮಡಿಸಿದ ಕರವಸ್ತ್ರ ತಪ್ಪುತ್ತಿರಲಿಲ್ಲ.

ಮಾರನೆಯ ದಿನ ನಾನೇ ಅವನ ಜೊತೆ ದೋಣಿ ಹತ್ತಿದೆ. ಅಳೆಯುವುದನ್ನು ಕಣ್ಣಾರೆ ನೋಡಿ, ಏನಾದರೂ ತಪ್ಪು ಹುಡುಕಿ, ನಾಲ್ಕು ಮಾತು ಅಂದು ಬರಬೇಕೆಂಬುದೇ ನನ್ನ ಉದ್ದೇಶ. ಅವನು ಮಾರ್ಕು ಹಾಕಿದ ದಾರಕ್ಕೆ ಥರ್ಮಾಮೀಟರ್ ಕಟ್ಟಿ ನಿಧಾನ ಇಳಿಬಿಟ್ಟ. ನಾಲ್ಕು ಮೀಟರ್. ಗಡಿಯಾರ ನೋಡಿ ಐದು ನಿಮಿಷ ಕಾದ. ಅಷ್ಟೇ ನಿಧಾನ ಮೇಲೆಳೆದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಥರ್ಮಾಮೀಟರನ್ನು ಈ ತುದಿಯಿಂದ ಆ ತುದಿಯವರೆಗೆ ಚೆನ್ನಾಗಿ ಒರೆಸಿದ. ಅದೇ ಕರವಸ್ತ್ರದ ಇನ್ನೊಂದು ಮೂಲೆಯಿಂದ ಕನ್ನಡಕ ಒರೆಸಿಕೊಂಡ. ಆಮೇಲೆ ಓದಿದ.

"ಇಪ್ಪತ್ತೈದು. ನೋಡು ಬೇಕಾದ್ರೆ."

ನಾನು ನೋಡಲು ಕೈಗೆ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಓದುವ ಮೊದಲು ನಾನೂ ಅದನ್ನು ಒರೆಸಿದೆ. ಒರೆಸುತ್ತಾ ಇರುವಾಗಲೇ ಕೈ ನಿಂತುಹೋಯಿತು.

"ಲೋ, ಇದನ್ನ ಯಾವಾಗಲೂ ಹೀಗೇ ಒರೆಸ್ತೀಯಾ?"

"ಒದ್ದೆ ಇದ್ರೆ ಗೆರೆ ಸರಿಯಾಗಿ ಕಾಣಲ್ಲ."

"ಬಿಸಿ ಕೈಯಲ್ಲಿ ಹಿಡಿದು, ಬಟ್ಟೆಯಲ್ಲಿ ಉಜ್ಜಿ, ಕನ್ನಡಕನೂ ಒರೆಸಿಕೊಂಡು, ಆಮೇಲೆ ನಿಧಾನಕ್ಕೆ ಓದಿದ್ರೆ ಅದು ತಳದ ಲೆಕ್ಕ ಹೇಳುತ್ತಾ, ನಿನ್ನ ಕರವಸ್ತ್ರದ ಲೆಕ್ಕ ಹೇಳುತ್ತಾ?"

ಅವನು ಕರವಸ್ತ್ರವನ್ನು ಮಡಿಸಿ ಜೇಬಿಗೆ ತುರುಕಿಕೊಂಡ. ನಮ್ಮ ಕಸುಬಿನಲ್ಲಿ ತಳದ ನೀರು ನೋಡಬೇಕಾದರೆ ದಪ್ಪ ಗಾಜಿನ ಬಾಟಲಿ ಬಳಸುತ್ತೇವೆ. ಕುತ್ತಿಗೆಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಇನ್ನೊಂದು ದಾರ ಬಿಗಿದು ಇಳಿಸುವುದು. ತಳ ಮುಟ್ಟಿದ ಮೇಲೆ ಬಿರಡೆ ಕಿತ್ತು, ತುಂಬಿದ ಮೇಲೆ ಸರ್ರನೆ ಎಳೆದು, ಬಾಟಲಿಯೊಳಗೇ ಥರ್ಮಾಮೀಟರ್ ಅದ್ದಿ ಓದುವುದು. ಮನೆಗೆ ಓಡಿ ಹೋಗಿ ತಂದೆ. ಮೊದಲ ಬಾಟಲಿಯಲ್ಲಿ ಹದಿನೈದೂವರೆ, ಎರಡನೆಯದರಲ್ಲಿ ಹದಿನೈದು. ಬೆಟ್ಟದ ತಣ್ಣೀರು ಎಲ್ಲಿಗೂ ಹೋಗಿರಲಿಲ್ಲ. ತಣ್ಣೀರು ಭಾರ, ಬಂದದ್ದೇ ಸೀದಾ ತಳಕ್ಕಿಳಿದು ಅಲ್ಲೇ ತೆಪ್ಪಗೆ ಕೂತಿತ್ತು. ನಮ್ಮಿಬ್ಬರಿಗೂ ಹಾಲು ಕುಡಿದಷ್ಟು ಸಂತೋಷವಾಯಿತು. ಹದಿನಾರು ಸಲ ಒರೆಸಿದ ಲೆಕ್ಕಗಳನ್ನು ಅವನು ಅಲ್ಲೇ ಹರಿದು, ಚೂರುಗಳನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಂಡ.

ಇನ್ನು ತಳದ ನೀರನ್ನು ಹೊರಗೆ ತರಬೇಕು. ಮಿಲಿಮೀಟರಿನ ಮೊದಲ ನಕ್ಷೆಯಲ್ಲಿ ಎರಡು ಪಂಪು, ಒಂದು ಮೋಟರು, ಮೂರು ಗೇಟುಗಳಿದ್ದವು. ಅವನ ದೊಡ್ಡ ಸಾಹೇಬರು ನೋಡಿ, "ಇದು ತೂಬೋ ಹಡಗೋ?" ಎಂದು ವಾಪಸು ಕೊಟ್ಟರಂತೆ. ಅವನು ಮುಖ ಸಣ್ಣಗೆ ಮಾಡಿಕೊಂಡು ನಮ್ಮ ಮನೆಗೆ ಬಂದ. ಬೇಜಾರಾದಾಗ ಅವನು ಸುಮ್ಮನೆ ಕೂರುವವನಲ್ಲ. ಹೂಕುಂಡಗಳಿಗೆ ನೀರು ಹಾಕಲು ಹೋದ. ಉದ್ದ ಮೂತಿಯ ನೀರಿನ ಡಬ್ಬಿ ನಮ್ಮದು. ಅದರೊಳಗೆ ಒಣಗಿದ ಎಲೆಗಳು ಬಿದ್ದು ತೇಲುತ್ತಿದ್ದವು. ಐದು ನಿಮಿಷವಾದರೂ ಅವನು ವಾಪಸು ಬರಲಿಲ್ಲ. ಹೋಗಿ ನೋಡಿದರೆ ಡಬ್ಬಿ ಓರೆ ಹಿಡಿದುಕೊಂಡು ನಿಂತಿದ್ದಾನೆ.

"ಅಕ್ಕ, ಎಲೆ ಒಂದೂ ಹೊರಗೆ ಬರ್ತಿಲ್ಲ."

"ಮೂತಿ ತಳದಿಂದ ಶುರುವಾಗುತ್ತಲ್ಲಪ್ಪ. ಮೇಲಿರೋದು ಮೇಲೇ ಇರುತ್ತೆ."

"ಬಾಯಿ ಮೇಲಿದೆ, ನೀರು ಬರೋದು ತಳದಿಂದ. ಪಂಪೂ ಬೇಡ, ಗೇಟೂ ಬೇಡ."

ಆ ಸಂಜೆ ನನ್ನ ಮೇಜಿನ ಮೇಲೆ ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ಅವನು ಬರೆದ ಚಿತ್ರ ಇಷ್ಟೇ: ಈಗಿರುವ ಕಾಂಕ್ರೀಟ್ ಪೆಟ್ಟಿಗೆಯ ಸುತ್ತ ಒಂದು ದೊಡ್ಡ ಉಕ್ಕಿನ ಕೊಳವೆ, ತಳವಿಲ್ಲದ ಡ್ರಮ್ಮಿನ ಹಾಗೆ. ಅದರ ಮೇಲಂಚು ನೀರಿನಿಂದ ಎತ್ತರಕ್ಕೆ, ಕೆಳಗಿನ ಅಂಚು ಕೊಳದ ತಳಕ್ಕಿಂತ ಮೊಳದಷ್ಟು ಮೇಲಕ್ಕೆ. ಮೇಲಿನ ಬಿಸಿನೀರಿಗೆ ಡ್ರಮ್ಮು ಅಡ್ಡ. ಪೆಟ್ಟಿಗೆಯ ಅಂಚಿಗೆ ಬರಬೇಕಾದರೆ ನೀರು ತಳದಿಂದಲೇ ನುಸುಳಿ ಮೇಲೇರಬೇಕು. ಡ್ರಮ್ಮಿನ ಮೇಲ್ಭಾಗದಲ್ಲಿ ಜಾರುವ ತಗಡಿನ ಬಾಗಿಲಿರುವ ಒಂದು ಕಿಟಕಿ. ತೆರೆದರೆ ಮೇಲಿನ ನೀರು, ಮುಚ್ಚಿದರೆ ತಳದ ನೀರು. ಚಳಿಗಾಲಕ್ಕೆ ತೆರೆದಿಡಬಹುದು. ದೊಡ್ಡ ಸಾಹೇಬರು ಈ ಸಲ ಪಿಟ್ಟೆನ್ನದೆ ಸಹಿ ಹಾಕಿದರು.

ಚಳಿಗಾಲ ಕಳೆಯುವ ಹೊತ್ತಿಗೆ ವೆಲ್ಡಿಂಗ್ ಶೆಡ್ಡಿನವರು ಡ್ರಮ್ಮು ಮಾಡಿ ಕೂರಿಸಿದರು. ಅಲ್ಲಿಗೆ ಹೋಗಲು ಕಟ್ಟೆಯಿಂದ ಹಲಗೆ ಹಾಸಿದರು. ಅಲ್ಲಿಗೆ ಕೆಲಸ ಮುಗಿಯಿತೆಂದು ನಾನಂದುಕೊಂಡರೆ, ಮಿಲಿಮೀಟರ್ ಹೊಸದೊಂದು ಹಟ ತೆಗೆದ. ಕಟ್ಟೆಯಾಚೆ ಕೊಳವೆಯ ಬಾಯಲ್ಲಿ ಒಂಬತ್ತು ಕಲ್ಲಿನ ಮೆಟ್ಟಿಲು ಕಟ್ಟಬೇಕಂತೆ. ಅಲ್ಲಿಯವರೆಗೆ ಕಿಟಕಿ ಮುಚ್ಚಬಾರದಂತೆ.

"ಮೆಟ್ಟಿಲು ಯಾಕೋ? ನೀರಿಗೇನು ಕಾಲಿದೆಯಾ?"

"ತಳದ ನೀರಲ್ಲಿ ಉಸಿರಿರಲ್ಲ ಅಕ್ಕ. ಗಾಳಿ ಮುಟ್ಟದೆ ತಿಂಗಳುಗಟ್ಟಲೆ ಕೂತಿರೋ ನೀರು. ಕಲ್ಲಿನ ಮೇಲೆ ಬಿದ್ದು ಎದ್ದು ನೊರೆಯಾಗಿ ಬಂದ್ರೆ ಗಾಳಿ ಸೇರುತ್ತೆ. ನಿನಗೆ ಗೊತ್ತಿಲ್ದೇ ಇರೋದೇನಲ್ಲ."

ಗೊತ್ತಿತ್ತು. ಮೀನು ಸಾಕುವವಳಿಗೆ ಗೊತ್ತಿಲ್ಲದೆ ಏನು. ಆದರೆ ಅವನು ಹೇಳಿದ್ದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಕಲ್ಲುಗಳನ್ನು ಒಂದೊಂದಾಗಿ ಅಳೆದು "ಇದು ಎರಡು ಮಿಲಿಮೀಟರ್ ಓರೆ" ಎಂದು ಬದಿಗಿಡುವ ತಮ್ಮ, ಮತ್ತು ಈ ಸಲ ಹದಿನೈದು ದಿನ ಮೊದಲೇ ಬಂದ ಬೇಸಿಗೆ. ಮೂರು ಮೆಟ್ಟಿಲಾಗಿದ್ದವು. ಶುಕ್ರವಾರ ಬೆಳಿಗ್ಗೆ ಮೊದಲ ತೊಟ್ಟಿಯ ನೀರು ಇಪ್ಪತ್ತಮೂರಕ್ಕೆ ಬಂತು. ತಾಯಿ ಮೀನುಗಳು ತಿನ್ನಲಿಲ್ಲ. ಒಂದು ಮೀನು ಮೂಲೆಯಲ್ಲಿ ಓರೆಯಾಗಿ ನಿಂತಿತ್ತು. ತಮ್ಮ ಕಲ್ಲು ಆರಿಸಲು ಗಣಿಗೆ ಹೋಗಿದ್ದ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಗಾದೆ ಮಾಡಿದವರಿಗೆ ಆತುರಗಾರ್ತಿಯ ಪರಿಚಯ ಇದ್ದಿರಲಾರದು. ನಾನು ಸೀದಾ ಹಲಗೆಯ ಮೇಲೆ ನಡೆದುಕೊಂಡು ಹೋಗಿ ತಗಡಿನ ಬಾಗಿಲನ್ನು ಕೆಳಗೆ ಜಾರಿಸಿದೆ.

ಅರ್ಧ ಗಂಟೆಯಲ್ಲಿ ತೊಟ್ಟಿಯ ಥರ್ಮಾಮೀಟರ್ ಹದಿನೇಳು ತೋರಿಸಿತು. ಹದಿನೇಳು. ನನಗೆ ಕುಣಿಯುವಂತಾಯಿತು. ಒಳಗೆ ಹೋಗಿ ನಮ್ಮೆಜಮಾನರಿಗೆ ಚಹಾ ಮಾಡಿಕೊಟ್ಟೆ, ಅಮ್ಮನಿಗೆ ಫೋನ್ ಮಾಡಿ "ನಿನ್ನ ಮಗ ಇನ್ನೂ ಕಲ್ಲು ಒರೆಸ್ತಿದಾನೆ, ನಾನು ಒಂದೇ ಕೈಯಲ್ಲಿ ಕೆಲಸ ಮುಗಿಸಿದೆ" ಎಂದು ಕೊಚ್ಚಿಕೊಂಡೆ. ಫೋನ್ ಇಡುವ ಮೊದಲೇ ತೊಟ್ಟಿಗಳ ಕಡೆಯಿಂದ ವಾಸನೆ ಬಂತು, ಕೊಳೆತ ಮೊಟ್ಟೆಯ ವಾಸನೆ.

ಓಡಿದೆ. ನಲವತ್ತೆರಡು ಮೀನುಗಳೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ತಣ್ಣನೆಯ, ಕಪ್ಪುಛಾಯೆಯ, ಉಸಿರಿಲ್ಲದ ನೀರಿನಲ್ಲಿ ನನ್ನ ಹನ್ನೊಂದು ವರ್ಷದ ದುಡಿಮೆ ಬಾಯಿ ಬಿಡುತ್ತಿತ್ತು.

"ತೂಬಿನ ಕಿಟಕಿ ತೆಗೀರಿ, ಓಡಿ" ಎಂದು ಕಿರುಚಿದೆ. ನಮ್ಮೆಜಮಾನರು ಚಹಾದ ಲೋಟ ಎಲ್ಲಿಟ್ಟರೋ, ಬರಿಗಾಲಲ್ಲೇ ಕೊಳದ ಕಡೆ ಓಡಿದರು. ನಾನು ಬಕೆಟ್ ಹಿಡಿದು ತೊಟ್ಟಿಗೆ ಇಳಿದೆ. ಮೊಗೆದು ತಲೆಯೆತ್ತರದಿಂದ ಸುರಿಯುವುದು, ಮೊಗೆದು ಸುರಿಯುವುದು. ನೀರಿಗೆ ಗಾಳಿ ಸೇರಿಸಲು ನನಗೆ ಆಗ ತೋಚಿದ್ದು ಅದೊಂದೇ. ನೀರು ಸುರಿಯುತ್ತಿರುವಾಗಲೇ ಒಂದು ಮೀನು ನನ್ನ ಮೊಣಕಾಲಿಗೆ ಬಡಿದು ತಿರುಗಿ ಬಿತ್ತು. ನಾನು ಅಳುತ್ತಿದ್ದೆನಂತೆ, ನನಗೆ ನೆನಪಿಲ್ಲ.

ಕಲ್ಲಿನ ಲಾರಿ ಬಂದು ನಿಂತ ಸದ್ದು ಕೇಳಿಸಿತು. ತಮ್ಮ ಇಳಿದ, ನೋಡಿದ. ತೋಳು ಮಡಚುವುದಕ್ಕೂ ಅಳತೆ ನೋಡುವವನು ಆವತ್ತು ಬೂಟು ಸಮೇತ ತೊಟ್ಟಿಗೆ ಹಾರಿ, ತಲೆಯ ಹೆಲ್ಮೆಟ್ ತೆಗೆದು ಅದರಲ್ಲೇ ಮೊಗೆದು ಸುರಿಯತೊಡಗಿದ. ಲಾರಿಯಲ್ಲಿದ್ದ ಇಬ್ಬರು ಆಳುಗಳೂ ಇಳಿದು ಗಾರೆಯ ಬಾಣಲೆ ಹಿಡಿದರು. ಎರಡು ಗಂಟೆ ಎಲ್ಲರೂ ಮೊಗೆದು ಸುರಿದೆವು. ಕಿಟಕಿ ತೆಗೆದ ಮೇಲೆ ಮೇಲಿನ ನೀರು ಬಂದು ಸೇರಿತು, ವಾಸನೆ ಇಳಿಯಿತು, ಮೀನುಗಳು ಒಂದೊಂದಾಗಿ ಕೆಳಗೆ ಹೋದವು. ಮೂರು ಹೋಗಲಿಲ್ಲ.

ಆ ಮೂರನ್ನೂ ನಾನೇ ಎತ್ತಿ ತೊಟ್ಟಿಯ ಅಂಚಿನ ಮೇಲಿಟ್ಟೆ. ಅವನು ಪಕ್ಕದಲ್ಲಿ ತೊಪ್ಪೆಯಾಗಿ ನಿಂತು ನೋಡಿದ.

"ಕಿಟಕಿಗೆ ಬೀಗ ಹಾಕ್ಬೇಕಿತ್ತು ನಾನು," ಎಂದ. "ನನ್ನದೇ ತಪ್ಪು."

ಒಂದು ಮಾತು ಬೈದಿದ್ದರೆ ನನಗೆ ಹಾಯಾಗಿರುತ್ತಿತ್ತು. ಬೈಯಲಿಲ್ಲ. ತಿರುಗಿ ಹೋಗಿ ಲಾರಿಯಿಂದ ಕಲ್ಲು ಇಳಿಸಲು ಶುರು ಮಾಡಿದ. ಕಿಟಕಿಯನ್ನು ಒಂದು ಗೇಣು ಮಾತ್ರ ಮುಚ್ಚಿ, ಬಿಸಿ ತಣ್ಣಗೆ ಬೆರೆಸಿ, ತೊಟ್ಟಿಯನ್ನು ಇಪ್ಪತ್ತೊಂದರಲ್ಲಿ ನಿಲ್ಲಿಸಿದ. ಇದು ನನಗೂ ಹೊಳೆಯಬಹುದಿತ್ತು. ಶನಿವಾರ, ಭಾನುವಾರ ಅವನು, ಗಾರೆಯವರು, ನಮ್ಮೆಜಮಾನರು ಸೇರಿ ಮೆಟ್ಟಿಲು ಕಟ್ಟಿದರು. ಕಲ್ಲು ಕೊಟ್ಟವಳು ನಾನು. ಪ್ರತಿಯೊಂದನ್ನೂ ಅಳೆದ; ನಾನು ಪ್ರತಿ ಸಲವೂ ಬಾಯಿ ಮುಚ್ಚಿಕೊಂಡು ಕಾದೆ. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು ಎಂದು ನಮ್ಮೆಜಮಾನರು ಗಾರೆಯವರಿಗೆ ಹೇಳುತ್ತಿದ್ದರು.

ಸೋಮವಾರ ಮಧ್ಯಾಹ್ನ ಅವನು ಕಿಟಕಿ ಪೂರ್ತಿ ಮುಚ್ಚಿದ. ಕೊಳವೆಯಿಂದ ಬಂದ ನೀರು ಒಂದನೆಯ ಮೆಟ್ಟಿಲಲ್ಲಿ ನಾರುತ್ತಿತ್ತು, ಐದನೆಯದರಲ್ಲಿ ಅಷ್ಟಿರಲಿಲ್ಲ, ಒಂಬತ್ತನೆಯದರಿಂದ ಇಳಿಯುವಾಗ ಬೆಳ್ಳಗೆ ನೊರೆಯಾಗಿ, ಬೆಟ್ಟದ ನೀರೇ ಆಗಿತ್ತು. ತೊಟ್ಟಿಯಲ್ಲಿ ಹದಿನೇಳೂವರೆ. ಇಬ್ಬರೂ ಥರ್ಮಾಮೀಟರ್ ಒರೆಸಲಿಲ್ಲ. ಸಂಜೆಗೆ ಮೀನುಗಳು ನೀರು ಬೀಳುವ ಕಡೆಗೆ ಮುಖ ಮಾಡಿ ಸಾಲಾಗಿ ನಿಂತು, ಎಸೆದ ಕಾಳನ್ನೆಲ್ಲ ತಿಂದವು. ಬಿಸಿಲು ಇನ್ನೂ ಹತ್ತೊಂಬತ್ತು ದಿನ ಸುಟ್ಟಿತು. ಮೂವತ್ತೊಂಬತ್ತರಲ್ಲಿ ಒಂದೂ ಹೋಗಲಿಲ್ಲ.

ಇಪ್ಪತ್ತನೆಯ ದಿನ ತಂಪು ಗಾಳಿ ಬೀಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಹೋದ ಮಾತಿನ ಹಿಂದೆ ಇನ್ನೊಂದು ಮಾತನ್ನಾದರೂ ಕಳಿಸಬಹುದಲ್ಲ. ವರ್ಷದ ಹಿಂದೆ ಯಾವ ಯಾವ ಬಾಗಿಲಲ್ಲಿ ನಿಂತು ದೂರಿದ್ದೆನೋ ಅಲ್ಲೆಲ್ಲ ನಿಂತು, "ನನ್ನ ಮೂರು ತಾಯಿ ಮೀನು ಕೊಂದವಳು ನಾನೇ, ಮೂವತ್ತೊಂಬತ್ತು ಉಳಿಸಿದ್ದು ನನ್ನ ತಮ್ಮ" ಎಂದು ಹೇಳುತ್ತಾ ಬಂದೆ. ಬ್ರೆಡ್ ಅಂಗಡಿಯವರು ತಲೆಯಾಡಿಸಿದರು. ಔಷಧಿ ಅಂಗಡಿಯವರು ಯಾವ ಮೀನು ಎಂದು ಕೇಳಿದರು. ಅವರಿಗೆ ಮೊದಲನೆಯದೇ ಮರೆತುಹೋಗಿತ್ತು.

ಕ್ಷೌರದ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕ್ಷೌರಿಕ ಬಾಚಣಿಗೆ ತೊಳೆಯುತ್ತಾ ನನ್ನ ಮಾತು ಪೂರ್ತಿ ಕೇಳಿಸಿಕೊಂಡ.

"ನೀವು ಹೀಗಂತೀರಿ," ಎಂದ. "ಅವರು ಬೇರೆ ಥರ ಹೇಳಿದ್ರಲ್ಲಕ್ಕಾ."

"ಯಾರು?"

"ನಿಮ್ಮ ತಮ್ಮ. ಹೋದ ವರ್ಷ ನೀವು ಇಲ್ಲಿ ಬಂದು ಹೇಳಿ ಹೋದ್ರಲ್ಲ, ಅದರ ಮಾರನೇ ದಿನ ಕಟಿಂಗ್‌ಗೆ ಬಂದಿದ್ರು. ಇಲ್ಲಿ ಕೂತಿದ್ದೋರೊಬ್ಬರು, ಹೋಗ್ಲಿ ಬಿಡಿ ಸರ್, ನಿಮ್ಮಕ್ಕನಿಗೆ ಬಾಯಿ ಜೋರು, ಊರಿಗೇ ಗೊತ್ತು ಅಂದ್ರು. ಸಮಾಧಾನಕ್ಕೆ ಅಂದಿದ್ದು ಪಾಪ. ಇವರು ಕುರ್ಚಿಯಿಂದ ಎದ್ದೇಬಿಟ್ರು. ನಮ್ಮಕ್ಕ ಹೇಳಿದ್ದು ಸರಿ, ಕೊಳ ನಾನು ಮಾಡಿದ್ದು, ಮೀನು ಸತ್ತಿದ್ದು ನನ್ನಿಂದ, ಅವಳ ಬಗ್ಗೆ ಯಾರೂ ಏನೂ ಅನ್ಬೇಡಿ ಅಂದ್ರು. ಕುತ್ತಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟು ಹೊರಟೇ ಹೋದ್ರು. ಒಂದು ಕಡೆ ಮಾತ್ರ ಕತ್ತರಿಸಿದ್ದೆ ನಾನು."

"ಇನ್ನೊಂದು ಕಡೆ?"

"ಹಾಗೇ ಇತ್ತು. ಹದಿನೈದು ದಿನ ಬಿಟ್ಟು ಬಂದು ಸರಿ ಮಾಡಿಸಿಕೊಂಡ್ರು."

ಆ ಹದಿನೈದು ದಿನ ಅವನು ಸೆಕೆಯಲ್ಲೂ ಟೋಪಿ ಹಾಕಿಕೊಂಡು ಓಡಾಡಿದ್ದು ನನಗೆ ಆಗ ನೆನಪಾಯಿತು. ದೋಣಿಯಲ್ಲೂ ಟೋಪಿ, ಅಮ್ಮನ ಮನೆಯಲ್ಲೂ ಟೋಪಿ. ಬ್ರೆಡ್ಡಿನ ಚೂರು ಓರೆಯಾದರೆ ತಿನ್ನದ ನನ್ನ ತಮ್ಮ. ಯಾಕೋ ಟೋಪಿ ಎಂದು ನಾನು ಕೇಳಿರಲಿಲ್ಲ. ಅವನ ಜೊತೆ ಮಾತು ಬಿಟ್ಟಿದ್ದೆನಲ್ಲ.

ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಕ್ಷೌರಿಕ ಅಭ್ಯಾಸಬಲದಿಂದ ನನ್ನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕತ್ತರಿ ಹಿಡಿದು ನಿಂತ. ಕನ್ನಡಿಯಲ್ಲಿ ನಾನು ಅಳುತ್ತಿರುವುದು ನನಗೇ ಕಾಣುತ್ತಿತ್ತು. ಅವನು ಕತ್ತರಿ ಕೆಳಗಿಟ್ಟು, ಬಾಗಿಲ ಪರದೆ ಎಳೆದು ಹೊರಗೆ ಹೋಗಿ ನಿಂತುಕೊಂಡ. ಸುಮಾರು ಹೊತ್ತಾದ ಮೇಲೆ ಎದ್ದು, ಬಟ್ಟೆ ಮಡಚಿಟ್ಟು, ಸೈಕಲ್ ರಿಪೇರಿ ಅಂಗಡಿಯ ಕಡೆ ನಡೆದೆ. ಅಲ್ಲಿಯೂ ಹೇಳುವುದಿತ್ತು.